ಮುಂದಿನ ಬ್ರೇಕ್ ಮಿಡಿಯುತ್ತಿದೆಯೇ? ಡಿಸ್ಕ್ ಬದಲಿಸುವ ಮುನ್ನ ಅಳೆಯಿರಿ

ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸತೊಡಗಿದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಸಮೀರವಾಡಿ, ಸಿದ್ದಾಪುರ, ಹಿರೇಪಡಸಲಗಿ, ಉತ್ತೂರಿನ ದಿಕ್ಕಿಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಗಲುರಾತ್ರಿ ಸಾಗುತ್ತವೆ. ಹಿಂಬದಿಯ ದೀಪವಿಲ್ಲದ ಟ್ರೇಲರ್, ಡಾಂಬರಿನ ಮೇಲೆ ಬಿದ್ದ ಕಬ್ಬು, ರವದಿ, ಚಕ್ರಕ್ಕೆ ಮೆತ್ತಿಕೊಂಡು ಬಂದ ಎರಿಮಣ್ಣು ಇವುಗಳ ನಡುವೆಯೇ ಮೋಟರ್ ಸೈಕಲ್‌ಗಳು ಓಡಬೇಕು. ಹಾಲಿನ ಕ್ಯಾನು ಕಟ್ಟಿಕೊಂಡವರು, ಬನಹಟ್ಟಿಯ ಮಗ್ಗದ ಪಾಳಿ ಮುಗಿಸಿ ಊರಿಗೆ ಹೊರಟವರು, ಕಾಲೇಜಿನ ಹುಡುಗರು, ಹೊಲಕ್ಕೆ ನೀರು ಬಿಡಲು ನಡುರಾತ್ರಿ ಹೊರಡುವ ರೈತರು ಎಲ್ಲರೂ ನೆಚ್ಚಿಕೊಂಡಿರುವುದು ಬಲಗೈಯ ಬೆರಳುಗಳಿಗೆ ಸಿಗುವ ಆ ಒಂದು ಲಿವರನ್ನು. ಅದೇ ಲಿವರ್ ಒತ್ತಿದಾಗ ಬೆರಳಿಗೆ ತಿರುಗಿ ಒತ್ತತೊಡಗಿದರೆ, ಬ್ರೇಕ್ ಒಂದು ಕ್ಷಣ ಹಿಡಿದು ಮರುಕ್ಷಣ ಸಡಿಲಿಸಿದಂತಾದರೆ, ಹ್ಯಾಂಡಲ್ ನಡುಗಿದರೆ, ಸವಾರನ ಧೈರ್ಯ ಅಲ್ಲಿಗೇ ಕುಗ್ಗುತ್ತದೆ. ಗ್ಯಾರೇಜಿಗೆ ಒಯ್ದರೆ ಬಹುಪಾಲು ಕಡೆ ಸಿಗುವುದು ಒಂದೇ ಉತ್ತರ: ಡಿಸ್ಕ್ ಬೆಂಡ್ ಆಗಿದೆ, ಬದಲಿಸಬೇಕು.

ಈ ಉತ್ತರ ಕೆಲವೊಮ್ಮೆ ನಿಜವಿರುತ್ತದೆ. ಆದರೆ ಅದು ಪರೀಕ್ಷೆಯ ಕೊನೆಗೆ ಬರಬೇಕಾದ ಮಾತು, ನಮ್ಮಲ್ಲಿ ಮೊದಲೇ ಬಂದುಬಿಡುತ್ತದೆ. ಮುಂದಿನ ಬ್ರೇಕಿನ ಮಿಡಿತಕ್ಕೆ ಕನಿಷ್ಠ ಏಳೆಂಟು ಕಾರಣಗಳಿವೆ. ಅವುಗಳಲ್ಲಿ ಹಲವು ಡಿಸ್ಕಿನಲ್ಲಿ ಇಲ್ಲವೇ ಇಲ್ಲ, ಇನ್ನು ಕೆಲವು ಡಿಸ್ಕಿನಲ್ಲಿ ಕಾಣಿಸಿಕೊಂಡರೂ ಹುಟ್ಟಿದ್ದು ಬೇರೆ ಕಡೆ. ಮೂಲವನ್ನು ಬಿಟ್ಟು ಡಿಸ್ಕನ್ನಷ್ಟೇ ಬದಲಿಸಿದರೆ ಕೆಲವು ವಾರ ಬ್ರೇಕ್ ನುಣುಪಾಗಿ ಹಿಡಿದು, ಮತ್ತೆ ಅದೇ ಮಿಡಿತ ಶುರುವಾಗುತ್ತದೆ. ಆಗ ಕಂಪನಿಯನ್ನೋ ರಸ್ತೆಯನ್ನೋ ಬೈಯುತ್ತೇವೆ. ಮಿಡಿತದ ಲಯವನ್ನು ಗಮನಿಸಿ, ಚಕ್ರವನ್ನು ಕೈಯಿಂದ ಪರೀಕ್ಷಿಸಿ, ಕೊನೆಗೆ ಎರಡು ಅಳತೆ ತೆಗೆದುಕೊಂಡರೆ ಕಾರಣ ಸಿಕ್ಕೇ ಸಿಗುತ್ತದೆ. ಇದು ದೊಡ್ಡ ಶಹರದ ಸರ್ವಿಸ್ ಸೆಂಟರಿಗಷ್ಟೇ ಸಾಧ್ಯವಾದ ಕೆಲಸವಲ್ಲ. ಈ ನಾಲ್ಕೂ ತಾಲ್ಲೂಕುಗಳ ಸಾಮಾನ್ಯ ಗ್ಯಾರೇಜಿನಲ್ಲೂ ಆಗುವಂಥದ್ದು ಎಂಬುದನ್ನು ಈ ಲೇಖನ ವಾದಿಸುತ್ತದೆ.

ಮಿಡಿತಕ್ಕೂ ಒಂದು ಲೆಕ್ಕವಿದೆ

ಮೊದಲ ಸಾಕ್ಷ್ಯ ಮಿಡಿತದ ವೇಗ. ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ 17 ಅಥವಾ 18 ಇಂಚಿನ ಮುಂಚಕ್ರ ಒಂದು ಸುತ್ತು ಉರುಳಿದರೆ ಗಾಡಿ ಸುಮಾರು 1.9 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 36 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 10 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ ಐದು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ವೇಗ 18 ಕಿ.ಮೀ.ಗೆ ಇಳಿದರೆ ಎರಡೂವರೆ ಸುತ್ತು. ದೋಷ ಡಿಸ್ಕಿನಲ್ಲೋ ಡ್ರಮ್ಮಿನಲ್ಲೋ ಹಬ್ಬಿನಲ್ಲೋ ಇದ್ದರೆ ಅದು ಚಕ್ರದ ಜೊತೆಗೇ ಸುತ್ತುತ್ತದೆ, ಹಾಗಾಗಿ ಮಿಡಿತವೂ ಸುತ್ತಿನ ಲೆಕ್ಕಕ್ಕೆ ಕಟ್ಟುಬಿದ್ದಿರುತ್ತದೆ. ಗಾಡಿ ನಿಧಾನವಾದಂತೆ ಮಿಡಿತ ವಿರಳವಾಗುತ್ತ ಹೋಗಿ, ನಿಲ್ಲುವ ಹೊತ್ತಿಗೆ ಒಂದೊಂದೇ ಒತ್ತಡವಾಗಿ ಬೆರಳಿಗೆ ತಿಳಿಯಬೇಕು. ವಾಹನಗಳಿಲ್ಲದ, ಒಣಗಿದ, ನೇರ ರಸ್ತೆಯಲ್ಲಿ ಹೆಲ್ಮೆಟ್ ಧರಿಸಿ, 40ರ ವೇಗದಿಂದ ಮುಂದಿನ ಬ್ರೇಕನ್ನು ಹಗುರವಾಗಿ ಒತ್ತುತ್ತ ಬಂದರೆ ಇದು ಗೊತ್ತಾಗುತ್ತದೆ. ಆಮೇಲೆ ಹಿಂದಿನ ಬ್ರೇಕನ್ನಷ್ಟೇ ಒತ್ತಿ ನೋಡಬೇಕು. ಕಂಬೈನ್ಡ್ ಬ್ರೇಕ್ ಇರುವ ಗಾಡಿಗಳಲ್ಲಿ ಪೆಡಲ್ ಒತ್ತಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುವುದರಿಂದ, ಮುಂಚಕ್ರದ ದೋಷ ಕಾಲಿಗೆ ತಿಳಿದು ಹಿಂದಿನದೆಂದು ತಪ್ಪು ತಿಳಿಯುವ ಸಾಧ್ಯತೆ ಉಂಟು.

ಲಯ ಬೇರೆಯಾದರೆ ಕಾರಣವೂ ಬೇರೆ. ಬ್ರೇಕ್ ಹಿಡಿದ ಕೂಡಲೇ ಒಮ್ಮೆ ಮಾತ್ರ ಟಕ್ ಎಂದು ಸದ್ದಾಗಿ ಸುಮ್ಮನಾದರೆ ಅದು ಚಕ್ರದ ದೋಷವಲ್ಲ. ಹ್ಯಾಂಡಲ್ ತಿರುಗುವ ಕೋನ್ ಸೆಟ್ ಸಡಿಲವಾಗಿರಬೇಕು, ಫೋರ್ಕಿನ ಬುಶ್ ಸವೆದಿರಬೇಕು, ಇಲ್ಲವೇ ಕ್ಯಾಲಿಪರಿನಲ್ಲಿ ಪ್ಯಾಡ್ ಆಡುತ್ತಿರಬೇಕು. ಬ್ರೇಕ್ ಮುಟ್ಟದಿದ್ದಾಗಲೂ ಹ್ಯಾಂಡಲ್ ನಡುಗುತ್ತಿದ್ದರೆ ಟೈರ್, ರಿಮ್, ಚಕ್ರದ ಬೇರಿಂಗ್ ಕಡೆ ನೋಡಬೇಕು. 125 ಸಿಸಿಗಿಂತ ಹೆಚ್ಚಿನ ಹೊಸ ದ್ವಿಚಕ್ರ ವಾಹನಗಳಿಗೆ ಎಬಿಎಸ್, ಅದಕ್ಕಿಂತ ಕಡಿಮೆಯವಕ್ಕೆ ಕಂಬೈನ್ಡ್ ಬ್ರೇಕ್ ಅಥವಾ ಎಬಿಎಸ್ ಇರಲೇಬೇಕೆಂಬ ನಿಯಮ 2019ರ ಏಪ್ರಿಲ್ 1ರಿಂದ ಎಲ್ಲ ಮಾದರಿಗಳಿಗೂ ಅನ್ವಯವಾಯಿತು. ಎಬಿಎಸ್ ಕೆಲಸ ಮಾಡುವಾಗ ಲಿವರ್ ಪಟಪಟನೆ ಮಿಡಿಯುವುದು ಅದರ ಸಹಜ ಗುಣ. ಆ ಮಿಡಿತ ಜೋರಾಗಿ ಒತ್ತಿದಾಗ, ಇಲ್ಲವೇ ಮಣ್ಣು-ರವದಿಯ ಮೇಲೆ ಚಕ್ರ ಜಾರುವಾಗ ಮಾತ್ರ ಬರುತ್ತದೆ. ಚಕ್ರದ ಸುತ್ತಿಗೆ ತಾಳ ಹಾಕುವುದಿಲ್ಲ. ಆದರೆ ಒಣ ರಸ್ತೆಯಲ್ಲಿ, ನಡಿಗೆಯ ವೇಗಕ್ಕೆ ಬಂದಾಗ, ಹಗುರವಾಗಿ ಒತ್ತಿದರೂ ಎಬಿಎಸ್ ಕೆಲಸಕ್ಕಿಳಿದರೆ ಚಕ್ರದ ವೇಗ ಅಳೆಯುವ ಸೆನ್ಸರಿಗೆ ಕೆಸರೋ ಕಬ್ಬಿಣದ ಪುಡಿಯೋ ಮೆತ್ತಿರಬಹುದು, ಅದರೆದುರು ತಿರುಗುವ ಹಲ್ಲಿನ ಉಂಗುರ ಪೆಟ್ಟು ತಿಂದಿರಬಹುದು. ಇಲ್ಲಿ ಹೊಸ ಡಿಸ್ಕ್ ಹಾಕಿಸಿದವನಿಗೆ ದುಡ್ಡು ಹೋದದ್ದೇ ಲಾಭ.

ಕೂದಲೆಳೆಗಿಂತ ಚಿಕ್ಕ ದೋಷ

ಲಯ ಚಕ್ರದ ಸುತ್ತಿಗೆ ಹೊಂದಿಕೊಂಡಿದೆ, ಲಿವರೇ ಬೆರಳಿಗೆ ತಿರುಗಿ ಒತ್ತುತ್ತಿದೆ ಎಂದಾದರೆ ಮುಖ್ಯ ಸಂಶಯ ಡಿಸ್ಕಿನ ಓಲಾಟದ ಮೇಲೆ ಬೀಳುವುದಿಲ್ಲ, ಅದರ ದಪ್ಪದ ಏರುಪೇರಿನ ಮೇಲೆ ಬೀಳುತ್ತದೆ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ಗೊಂದಲ ಹುಟ್ಟಿದೆ. ನಮ್ಮ ಸಾಮಾನ್ಯ ಬೈಕುಗಳಲ್ಲಿ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಆಚೀಚೆ ಜಾರುವಂತೆ ಕೂತಿರುತ್ತದೆ. ಡಿಸ್ಕ್ ಒಂದೇ ದಪ್ಪವಿದ್ದು ತುಸು ಎಡಕ್ಕೆ ಬಲಕ್ಕೆ ಓಲಾಡಿದರೆ ಕ್ಯಾಲಿಪರೂ ಅದರ ಜೊತೆ ಓಲಾಡುತ್ತದೆ, ಲಿವರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಡಿಸ್ಕಿನ ಒಂದು ಭಾಗ ದಪ್ಪ, ಮತ್ತೊಂದು ಭಾಗ ತೆಳುವಾಗಿದ್ದರೆ ಹಾಗಲ್ಲ. ದಪ್ಪ ಭಾಗ ಪ್ಯಾಡುಗಳ ನಡುವೆ ಬಂದಾಗಲೆಲ್ಲ ಪಿಸ್ಟನ್ ಹಿಂದಕ್ಕೆ ತಳ್ಳಲ್ಪಡುತ್ತದೆ, ಬ್ರೇಕ್ ಆಯಿಲ್ ಮೇಲಕ್ಕೆ ಒತ್ತುತ್ತದೆ, ಬೆರಳಿಗೆ ಪೆಟ್ಟು ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಮಾಸ್ಟರ್ ಸಿಲಿಂಡರಿನ ವ್ಯಾಸ 12.7 ಮಿ.ಮೀ., ಕ್ಯಾಲಿಪರಿನ ಒಂಟಿ ಪಿಸ್ಟನ್ನಿನ ವ್ಯಾಸ 30 ಮಿ.ಮೀ. ಎಂದಿಟ್ಟುಕೊಂಡರೆ ಪಿಸ್ಟನ್ನಿನ ವಿಸ್ತೀರ್ಣ ಐದೂವರೆ ಪಟ್ಟು ಹೆಚ್ಚು. ಲಿವರಿನ ಸನ್ನೆಯ ಲಾಭ ಇನ್ನೊಂದು ಐದು ಪಟ್ಟು. ಡಿಸ್ಕಿನ ದಪ್ಪದಲ್ಲಿ ಕೇವಲ 0.02 ಮಿ.ಮೀ. ವ್ಯತ್ಯಾಸವಿದ್ದರೂ ಲಿವರಿನ ತುದಿಯಲ್ಲಿ ಅದು ಅರ್ಧ ಮಿಲಿಮೀಟರಿಗಿಂತ ಹೆಚ್ಚಾಗಿ ಮಿಡಿಯುತ್ತದೆ. ಕೂದಲೆಳೆಯ ಮೂರನೇ ಒಂದು ಭಾಗದಷ್ಟೂ ಇಲ್ಲದ ಈ ದೋಷ ಕಣ್ಣಿಗೆ ಕಾಣುವುದಿಲ್ಲ, ಆದರೆ ಬೆರಳಿಗೆ ಖಂಡಿತ ತಿಳಿಯುತ್ತದೆ.

ಹಾಗಾದರೆ ದಪ್ಪದ ಏರುಪೇರು ಬರುವುದು ಎಲ್ಲಿಂದ? ಓಲಾಟದ ನಿಜವಾದ ಅಪಾಯ ಇಲ್ಲಿದೆ. ಡಿಸ್ಕ್ ಓಲಾಡುತ್ತಿದ್ದರೆ, ಬ್ರೇಕ್ ಒತ್ತದೆ ಗಾಡಿ ಓಡಿಸುತ್ತಿರುವಾಗಲೂ ಅದರ ಹೊರಚಾಚಿದ ಭಾಗ ಪ್ರತಿ ಸುತ್ತಿನಲ್ಲೂ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. ಒಂದು ಕಿ.ಮೀ.ಗೆ ಚಕ್ರ ಐನೂರಕ್ಕೂ ಹೆಚ್ಚು ಬಾರಿ ಸುತ್ತುತ್ತದೆ. ಜಮಖಂಡಿಯಿಂದ ಮುಧೋಳಕ್ಕೆ ದಿನವೂ ಹೋಗಿಬರುವ ಗಾಡಿಯ ಡಿಸ್ಕಿನ ಅದೇ ಜಾಗ ತಿಂಗಳಲ್ಲಿ ಲಕ್ಷಗಟ್ಟಲೆ ಬಾರಿ ಉಜ್ಜಿಸಿಕೊಳ್ಳುತ್ತದೆ. ಹೀಗೆ ಆ ಜಾಗ ಸವೆದು ತೆಳುವಾಗುತ್ತದೆ, ಇಲ್ಲವೇ ಪ್ಯಾಡಿನ ಅಂಶ ಅಲ್ಲಿ ಹತ್ತಿಕೊಂಡು ದಪ್ಪವಾಗುತ್ತದೆ. ಮೊದಲ ದಿನ ನುಣುಪಾಗಿದ್ದ ಹೊಸ ಡಿಸ್ಕ್ ಕೆಲವು ಸಾವಿರ ಕಿ.ಮೀ. ಓಡಿದ ಮೇಲೆ ಮಿಡಿಯತೊಡಗುವುದು ಈ ಕಾರಣಕ್ಕೆ. ಹೊಸ ಡಿಸ್ಕ್ ಹಾಕುವಾಗ ಹಬ್ಬಿನ ಮೇಲಿನ ತುಕ್ಕು, ಒಣಗಿದ ಎರಿಮಣ್ಣು ಕೆರೆದು ತೆಗೆಯದಿದ್ದರೆ, ಬೋಲ್ಟುಗಳನ್ನು ಎದುರುಬದುರು ಹಂತಹಂತವಾಗಿ ಬಿಗಿಯದೆ ಒಂದೊಂದನ್ನೇ ಪೂರಾ ಬಿಗಿದರೆ, ಆ ದಿನವೇ ಮುಂದಿನ ಮಿಡಿತದ ಬೀಜ ಬಿತ್ತಿದಂತೆ. ಹಬ್ಬಿನ ಹತ್ತಿರ ಸಿಕ್ಕಿಕೊಂಡ ಚಿಕ್ಕ ಮಣ್ಣಿನ ಕಣ ಡಿಸ್ಕಿನ ಹೊರ ಅಂಚಿಗೆ ಬರುವಷ್ಟರಲ್ಲಿ ಎರಡು ಪಟ್ಟು ದೊಡ್ಡ ಓಲಾಟವಾಗುತ್ತದೆ.

ಬಿಸಿಗೆ ಬೆಂಡಾಯಿತೇ?

ಬೇಸಿಗೆಯಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ, ಬ್ರೇಕ್ ಹಾಕಿಹಾಕಿ ಡಿಸ್ಕ್ ಕಾದು ಬಾಗಿದೆ ಎಂಬ ವಿವರಣೆ ಕೇಳಲು ಸರಿಯೆನಿಸುತ್ತದೆ. ಲೆಕ್ಕ ಅದನ್ನು ಒಪ್ಪುವುದಿಲ್ಲ. ಗಾಡಿ ಮತ್ತು ಇಬ್ಬರು ಸವಾರರು ಸೇರಿ 260 ಕಿಲೋ ಎನ್ನಿ. ಗಂಟೆಗೆ 72 ಕಿ.ಮೀ. ವೇಗದಲ್ಲಿ ಅವರ ಚಲನಶಕ್ತಿ 52 ಕಿಲೋಜೌಲ್. ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ಸುಮಾರು ಒಂದು ಕಿಲೋ ತೂಕದ ಮುಂದಿನ ಡಿಸ್ಕೇ ಶಾಖವಾಗಿ ನುಂಗಿತು ಎಂದುಕೊಂಡರೂ ಅದರ ಉಷ್ಣಾಂಶ ಏರುವುದು 80 ಡಿಗ್ರಿಯಷ್ಟು. ಉಕ್ಕಿನ ಡಿಸ್ಕ್ ಬಾಗಲು ಇದು ಏನೇನೂ ಸಾಲದು. ನಮ್ಮದು ಬಯಲು ಸೀಮೆ. ಘಟ್ಟದ ರಸ್ತೆಯಂತೆ ಮೈಲುಗಟ್ಟಲೆ ಬ್ರೇಕ್ ಹಿಡಿದೇ ಇಳಿಯಬೇಕಾದ ಪ್ರಸಂಗ ಇಲ್ಲಿ ಅಪರೂಪ. ಡಿಸ್ಕ್ ನಿಜವಾಗಿ ವಿಪರೀತ ಕಾಯುವುದು ಕ್ಯಾಲಿಪರಿನ ಪಿನ್ ಅಥವಾ ಪಿಸ್ಟನ್ ಹಿಡಿದುಕೊಂಡು, ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಉಜ್ಜುತ್ತಲೇ ಇದ್ದಾಗ. ಹಾಗಿದ್ದಲ್ಲಿ ರೋಗ ಕ್ಯಾಲಿಪರಿನದು. ಡಿಸ್ಕಿನಲ್ಲಿ ಕಂಡದ್ದು ಅದರ ಲಕ್ಷಣ ಮಾತ್ರ.

ಅಮೆರಿಕದ ರೇಸಿಂಗ್ ಎಂಜಿನಿಯರ್ ಕ್ಯಾರೊಲ್ ಸ್ಮಿತ್ ಕಾರುಗಳ ಬಗ್ಗೆ ಬರೆಯುತ್ತ, ಬಾಗಿದೆ ಎಂದು ಹೇಳಲಾಗುವ ಡಿಸ್ಕುಗಳಲ್ಲಿ ನಿಜವಾದ ದೋಷ ಬಾಗುವಿಕೆಯಲ್ಲ, ಪ್ಯಾಡಿನ ಅಂಶ ಅಸಮವಾಗಿ ಮೆತ್ತಿಕೊಂಡಿರುವುದು ಎಂದು ವಾದಿಸಿದ್ದರು. ಅವರ ಮಾತು ಬೀಡುಕಬ್ಬಿಣದ ಕಾರ್ ಡಿಸ್ಕಿಗೆ ಸಂಬಂಧಿಸಿದ್ದು, ನಮ್ಮ ಬೈಕುಗಳ ಡಿಸ್ಕ್ ಸಾಮಾನ್ಯವಾಗಿ ಸ್ಟೇನ್‌ಲೆಸ್ ಉಕ್ಕಿನದು, ಹಾಗಾಗಿ ಅದು ಇಲ್ಲಿಗೆ ಹೊಂದದು ಎನ್ನಬಹುದು. ಬೀಡುಕಬ್ಬಿಣ ಅತಿ ಕಾದಾಗ ಅಲ್ಲಲ್ಲಿ ಗಡಸುಗಟ್ಟುವ ಬಗ್ಗೆ ಅವರು ಹೇಳಿದ್ದನ್ನು ಬೈಕಿಗೆ ನೇರವಾಗಿ ಅನ್ವಯಿಸಲಾಗದು, ನಿಜ. ಆದರೆ ಪ್ಯಾಡಿನ ಅಂಶ ಲೋಹಕ್ಕೆ ಅಂಟಿಕೊಳ್ಳುವ ವಿದ್ಯಮಾನ ಎರಡಕ್ಕೂ ಸಮಾನ. ಡಿಸ್ಕ್ ಬಿಸಿಯಾಗಿರುವಾಗ ಗಾಡಿ ನಿಲ್ಲಿಸಿ ಲಿವರನ್ನು ಬಿಗಿಯಾಗಿ ಹಿಡಿದೇ ನಿಂತರೆ ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಉಳಿಯುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಒಂದೇ ಕಡೆ ನಿಂತ ಗಾಡಿಯಲ್ಲಿ ಪ್ಯಾಡಿನ ಅಡಿಯಲ್ಲಿ ತೇವ ಕುಳಿತು ಅದೇ ಆಕಾರದ ಕಲೆ ಬೀಳುತ್ತದೆ. ಇಂಥ ಕಲೆ ಬರಿಗಣ್ಣಿಗೆ ಕಾಣುತ್ತದೆ. ಅದು ತೀರಾ ತೆಳುವಾಗಿದ್ದರೂ ಆ ಜಾಗದಲ್ಲಿ ಹಿಡಿತ ಹೆಚ್ಚುಕಡಿಮೆಯಾಗುವುದರಿಂದ ಹ್ಯಾಂಡಲ್ ಜಗ್ಗಿದಂತಾಗುತ್ತದೆ.

ಡಿಸ್ಕ್ ಬಾಗುವುದೇ ಇಲ್ಲವೆಂದಲ್ಲ. ಬಾಗುವುದು ಪೆಟ್ಟಿನಿಂದ. ಜಾಲಿಮುಳ್ಳಿನ ಈ ನಾಡಿನಲ್ಲಿ ಪಂಕ್ಚರ್ ನಿತ್ಯದ ಮಾತು. ಚಕ್ರ ಬಿಚ್ಚಿ ಡಿಸ್ಕ್ ಇರುವ ಮಗ್ಗುಲನ್ನೇ ನೆಲಕ್ಕೆ ಹಾಕಿ, ಮೇಲೆ ಕಾಲಿಟ್ಟು ಟೈರ್ ಎಬ್ಬಿಸಿದರೆ 4 ಮಿ.ಮೀ. ದಪ್ಪದ ಡಿಸ್ಕ್ ಬಾಗಲು ಬೇರೆ ಕಾರಣ ಬೇಕಿಲ್ಲ. ಡಿಸ್ಕಿಗೆ ಹಾಕಿದ ಬೀಗ ತೆಗೆಯದೆ ಗಾಡಿ ಮುಂದೆ ದೂಡಿದರೂ, ಗಾಡಿ ಆ ಮಗ್ಗುಲಿಗೆ ಬಿದ್ದು ಕಲ್ಲಿಗೆ ತಗುಲಿದರೂ ಹಾಗೆಯೇ. ಮಿಡಿತ ಶುರುವಾದದ್ದು ಯಾವ ಕೆಲಸದ ನಂತರ ಎಂದು ನೆನಪಿಸಿಕೊಳ್ಳುವುದು ಆದ್ದರಿಂದ ಪರೀಕ್ಷೆಯ ಮುಖ್ಯ ಭಾಗ. ಪಂಕ್ಚರ್ ತೆಗೆಸಿದ ಮರುದಿನ ಹಠಾತ್ತನೆ ಬಂದ ಮಿಡಿತ ಪೆಟ್ಟನ್ನು ಸೂಚಿಸುತ್ತದೆ. ತಿಂಗಳುಗಟ್ಟಲೆ ಮೆಲ್ಲಗೆ ಬೆಳೆದದ್ದು ಸವೆತವನ್ನು. ವಾಟರ್ ಸರ್ವಿಸ್ ಮಾಡಿಸಿದ ಸಂಜೆಯೇ ಬಂದದ್ದು ಪ್ಯಾಡಿಗೆ ತಗುಲಿದ ಜಿಡ್ಡನ್ನು.

ವಾಟರ್ ಸರ್ವಿಸ್ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಎರಿಮಣ್ಣು ಬಿಡಿಸಲು ರಭಸದ ನೀರು ಹೊಡೆದಾಗ ಕ್ಯಾಲಿಪರ್ ಪಿನ್ನಿನ ಗ್ರೀಸ್, ಬೇರಿಂಗಿನ ಸೀಲ್ ಎರಡಕ್ಕೂ ಹಾನಿ. ಮೇಲೆ ಹೊಳಪಿಗೆಂದು ಡೀಸೆಲ್ ಸಿಂಪಡಿಸಿದರೆ ಅದು ಪ್ಯಾಡಿಗೆ ಇಂಗುತ್ತದೆ, ಕ್ಯಾಲಿಪರಿನ ರಬ್ಬರನ್ನು ಉಬ್ಬಿಸುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಹೊಳೆಸಾಲಿನ ಊರುಗಳಿಗೆ ನೀರು ನುಗ್ಗಿತ್ತು. ಅಂಥ ನೀರಲ್ಲಿ ಮುಳುಗಿದ ಗಾಡಿಯ ಎಂಜಿನ್ ಆಯಿಲ್ ಬದಲಿಸಿದರೆ ಸಾಲದು. ಚಕ್ರದ ಬೇರಿಂಗ್, ಕೋನ್ ಸೆಟ್, ಕ್ಯಾಲಿಪರ್ ಬಿಚ್ಚಿ ಹೂಳು ತೆಗೆದು ಬ್ರೇಕ್ ಆಯಿಲ್ ಪೂರಾ ಬದಲಿಸಬೇಕು. ಬ್ರೇಕ್ ಆಯಿಲ್ ತೇವ ಹೀರುವ ದ್ರವ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಹಳೆಯ ಆಯಿಲ್ ಲಿವರನ್ನು ಮೆತ್ತಗಾಗಿಸುತ್ತದೆ, ಮಿಡಿಸುವುದಿಲ್ಲ. ಆದರೆ ಒಳಗಿನ ತೇವ ಪಿಸ್ಟನ್ನಿಗೆ ತುಕ್ಕು ಹಿಡಿಸಿ ಮಿಡಿತಕ್ಕೆ ದಾರಿ ಮಾಡುತ್ತದೆ.

ಪರೀಕ್ಷೆಯ ಕ್ರಮ

ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿ, ಒಬ್ಬರು ಹಿಂಬದಿ ಒತ್ತಿ ಹಿಡಿದರೆ ಮುಂಚಕ್ರ ಮೇಲೇಳುತ್ತದೆ. ಮೊದಲು ಫೋರ್ಕಿನ ಎರಡೂ ಕಾಲುಗಳನ್ನು ಕೆಳಗಡೆ ಹಿಡಿದು ಹಿಂದೆಮುಂದೆ ಅಲ್ಲಾಡಿಸಬೇಕು. ಟಕ್ ಎಂದರೆ ಕೋನ್ ಸೆಟ್ ಸಡಿಲ. ಹ್ಯಾಂಡಲನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸುವಾಗ ನಡುವಿನಲ್ಲಿ ಸಿಕ್ಕಿಕೊಂಡಂತಾದರೆ ಅದರ ಬಟ್ಟಲುಗಳಲ್ಲಿ ಗುಂಡಿ ಬಿದ್ದಿದೆ. ನಂತರ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬೇರಿಂಗಿನ ಆಟ ತಿಳಿಯುತ್ತದೆ. ಇವೆರಡರಲ್ಲಿ ಆಟವಿದ್ದರೆ ಮುಂದಿನ ಯಾವ ಅಳತೆಯೂ ನಂಬಲರ್ಹವಲ್ಲ; ಮೊದಲು ಅವನ್ನು ಸರಿಪಡಿಸಬೇಕು. ಆಮೇಲೆ ಚಕ್ರವನ್ನು ಕೈಯಿಂದ ತಿರುಗಿಸುತ್ತ ಬ್ರೇಕನ್ನು ತುಸುವೇ ಒತ್ತಿ, ಬಿಗಿಯಾಗುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಬೇಕು. ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಬಿಗಿಯಾದರೆ ದೋಷ ಚಕ್ರದ ಜೊತೆ ಸುತ್ತುತ್ತಿದೆ ಎಂಬುದು ಖಚಿತ. ಬ್ರೇಕ್ ಬಿಟ್ಟ ಮೇಲೂ ಎಲ್ಲ ಕಡೆ ಸಮನಾಗಿ ಬಿಗಿಯಿದ್ದರೆ ಕ್ಯಾಲಿಪರ್ ಹಿಡಿದುಕೊಂಡಿದೆ. ಪ್ಯಾಡ್ ಬಿಚ್ಚಿದಾಗ ಒಂದು ತೀರಾ ಸವೆದು ಇನ್ನೊಂದು ದಪ್ಪವಾಗಿ ಉಳಿದಿದ್ದರೆ ಜಾರುವ ಪಿನ್ ಜಾರುತ್ತಿಲ್ಲ ಎಂದರ್ಥ. ಪಿನ್ ಸ್ವಚ್ಛಗೊಳಿಸಿ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಎಂಜಿನ್ ಆಯಿಲ್, ಸಾದಾ ಗ್ರೀಸ್ ಅಲ್ಲಿ ಕೂಡದು.

ಇಷ್ಟಾದ ಮೇಲೆ ಅಳತೆ. ಡಿಸ್ಕನ್ನು ಎಂಟು ಕಡೆ, ಅಂಚಿನಿಂದ ಒಂದೇ ಅಂತರದಲ್ಲಿ, ಮೈಕ್ರೋಮೀಟರಿನಿಂದ ಅಳೆದು ಬರೆದುಕೊಳ್ಳಬೇಕು. ವರ್ನಿಯರ್ ಇಲ್ಲಿ ಸಾಲದು: ಅದು ತೋರಿಸುವ ಅತಿ ಚಿಕ್ಕ ಅಳತೆಯೇ ಸಾಮಾನ್ಯವಾಗಿ 0.02 ಮಿ.ಮೀ., ಜೊತೆಗೆ ಅದರ ಹಲ್ಲು ಡಿಸ್ಕಿನ ಸವೆಯದ ಅಂಚಿನ ಮೇಲೆ ಕೂತು ಸುಳ್ಳು ಹೇಳುತ್ತದೆ. ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಕೆತ್ತಿರುತ್ತದೆ, 4 ಮಿ.ಮೀ. ಡಿಸ್ಕಿಗೆ ಹಲವು ಮಾದರಿಗಳಲ್ಲಿ 3.5 ಮಿ.ಮೀ. ಮಿತಿ. ಅದಕ್ಕಿಂತ ತೆಳುವಾಗಿದ್ದರೆ ಚರ್ಚೆಯೇ ಬೇಡ, ಬದಲಿಸಬೇಕು. ಓಲಾಟ ಅಳೆಯಲು ಡಯಲ್ ಗೇಜನ್ನು ಫೋರ್ಕಿಗೆ ಕಟ್ಟಿ ಚಕ್ರ ತಿರುಗಿಸಬೇಕು. ಹಲವು ತಯಾರಕರ ಕೈಪಿಡಿಗಳು ಒಪ್ಪುವ ಗರಿಷ್ಠ ಮಿತಿ 0.2ರಿಂದ 0.3 ಮಿ.ಮೀ. ಮಿತಿ ಮೀರಿದ್ದರೆ ಇನ್ನೊಂದು ಹೆಜ್ಜೆಯಿದೆ, ಇಡೀ ಪರೀಕ್ಷೆಯ ಜೀವಾಳವೇ ಅದು. ಡಿಸ್ಕಿಗೂ ಹಬ್ಬಿಗೂ ಗುರುತು ಹಾಕಿ, ಡಿಸ್ಕ್ ಬಿಚ್ಚಿ, ಎರಡೂ ಮೈಗಳನ್ನು ಒರೆಸಿ, ಡಿಸ್ಕನ್ನು ಒಂದು ಬೋಲ್ಟ್ ರಂಧ್ರದಷ್ಟು ತಿರುಗಿಸಿ ಮತ್ತೆ ಕೂರಿಸಿ ಅಳೆಯಬೇಕು. ಉಬ್ಬು ಡಿಸ್ಕಿನ ಗುರುತಿನ ಜೊತೆ ಸರಿದರೆ ಡಿಸ್ಕ್ ಬಾಗಿದೆ. ಹಬ್ಬಿನ ಗುರುತಿನ ಬಳಿಯೇ ಉಳಿದರೆ ಡಿಸ್ಕ್ ನಿರ್ದೋಷಿ, ಹಬ್ಬಿನ ಮೈ ಸರಿಯಿಲ್ಲ. ಒರೆಸಿದ ಮೇಲೆ ಓಲಾಟವೇ ಕಡಿಮೆಯಾದರೆ ಅಪರಾಧಿ ಮಣ್ಣು.

ಚಿಕಿತ್ಸೆ ಈ ತೀರ್ಮಾನವನ್ನು ಹಿಂಬಾಲಿಸುತ್ತದೆ. ಪ್ಯಾಡಿನ ಕಲೆ ಮಾತ್ರವಿದ್ದರೆ ಡಿಸ್ಕಿನ ಎರಡೂ ಮೈಗೆ ನುಣುಪಾದ ಎಮರಿ ಪೇಪರ್ ಸಮನಾಗಿ ತಿಕ್ಕಿ, ಬ್ರೇಕ್ ಕ್ಲೀನರಿನಿಂದ ತೊಳೆದು, ಹೊಸ ಪ್ಯಾಡ್ ಹಾಕಿ, ಮಧ್ಯಮ ವೇಗದಿಂದ ಪೂರಾ ನಿಲ್ಲಿಸದೆ ಹತ್ತಾರು ಬಾರಿ ಹದವಾಗಿ ಬ್ರೇಕ್ ಹಿಡಿದು ಬಿಟ್ಟು ಕೂರಿಸಬೇಕು. ಡೀಸೆಲ್ ಇಂಗಿದ ಪ್ಯಾಡ್ ತೊಳೆದರೂ ಸುಟ್ಟರೂ ನಂಬುವಂತಿಲ್ಲ, ಎಸೆಯಬೇಕು. ದಪ್ಪದಲ್ಲಿ ಏರುಪೇರಿದ್ದರೆ ಹೊಸ ಡಿಸ್ಕೇ ಬೇಕು. ಲೇಥಿಗೆ ಹಾಕಿ ಕಡಿಸಲು 4 ಮಿ.ಮೀ. ಡಿಸ್ಕಿನಲ್ಲಿ ಉಳಿಕೆ ಸಾಲದು, ಸುತ್ತಿಗೆಯಿಂದ ನೇರ ಮಾಡುವ ಮಾತಂತೂ ಬೇಡ. ಮುಂದೆ ಡ್ರಮ್ ಬ್ರೇಕ್ ಇರುವ ಗಾಡಿಗಳಲ್ಲಿ ದೋಷ ಡ್ರಮ್ಮಿನ ದುಂಡುತನದಲ್ಲಿರುತ್ತದೆ. ಕಡ್ಡಿ ಚಕ್ರಗಳಲ್ಲಿ ರಿಮ್ ಬೆಂಡ್ ತೆಗೆಯಲು ಕಡ್ಡಿಗಳನ್ನು ಒಂದೇ ಕಡೆ ಅತಿಯಾಗಿ ಬಿಗಿದರೆ ಹಬ್ ಎಳೆದಂತಾಗಿ ಡ್ರಮ್ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಅಲ್ಲಿ ಮೊದಲು ಕಡ್ಡಿಗಳ ಬಿಗಿ ಸಮ ಮಾಡಬೇಕು, ನಂತರವಷ್ಟೇ ಡ್ರಮ್ ಕಡಿಸುವ ವಿಚಾರ. ಅದೂ ಅದರ ಮೇಲೆ ಕೆತ್ತಿದ ಗರಿಷ್ಠ ವ್ಯಾಸದೊಳಗೆ.

ಆಕ್ಷೇಪಗಳಿಗೆ ಉತ್ತರ

ಇಷ್ಟೆಲ್ಲ ಅಳೆಯುವ ಬದಲು ಡಿಸ್ಕ್ ಬದಲಿಸುವುದೇ ಅಗ್ಗ ಎಂಬ ವಾದವಿದೆ. ಹಂಗಾಮಿನಲ್ಲಿ ಗ್ಯಾರೇಜಿನ ಎದುರು ಗಾಡಿಗಳು ಸಾಲುಗಟ್ಟಿರುವಾಗ ಮೆಕ್ಯಾನಿಕರ ಸಮಯಕ್ಕೂ ಬೆಲೆಯಿದೆ, ಒಪ್ಪೋಣ. ಆದರೆ ಮೇಲಿನ ಪರೀಕ್ಷೆಯಲ್ಲಿ ಅರ್ಧ ಭಾಗಕ್ಕೆ ಸಲಕರಣೆಯೇ ಬೇಡ, ಕೆಲವು ನಿಮಿಷ ಸಾಕು. ಉಳಿದರ್ಧ ಹೇಗೂ ಡಿಸ್ಕ್ ಬದಲಿಸುವಾಗ ಮಾಡಲೇಬೇಕಾದ ಬಿಚ್ಚುವ, ಒರೆಸುವ ಕೆಲಸವೇ. ಅಳೆಯದೆ ಹಾಕಿದ ಹೊಸ ಡಿಸ್ಕ್ ವರ್ಷದೊಳಗೆ ಮತ್ತೆ ಮಿಡಿದರೆ ಆ ಅಗ್ಗದ ಖರ್ಚು ಎರಡರಷ್ಟಾಗುತ್ತದೆ. ಗಿರಾಕಿಯ ನಂಬಿಕೆಯೂ ಹೋಗುತ್ತದೆ, ಅದನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು.

ಹಳ್ಳಿಯ ಗ್ಯಾರೇಜಿನಲ್ಲಿ ಡಯಲ್ ಗೇಜ್ ಎಲ್ಲಿಂದ ತರುವುದು ಎಂಬುದು ಎರಡನೇ ಆಕ್ಷೇಪ. ಈ ಸೀಮೆಗೆ ಅದು ಅಷ್ಟಾಗಿ ಹೊಂದುವುದಿಲ್ಲ. ಸಕ್ಕರೆ ಕಾರ್ಖಾನೆ, ವಿದ್ಯುತ್ ಮಗ್ಗ, ಟ್ರ್ಯಾಕ್ಟರ್‌ಗಳ ಸುತ್ತ ಬೆಳೆದ ಊರುಗಳಿವು. ಲೇಥ್ ಕೆಲಸ ಇಲ್ಲಿಗೆ ಹೊಸದಲ್ಲ. ಐಟಿಐಗಳಲ್ಲಿ ಫಿಟ್ಟರ್, ಟರ್ನರ್ ಕಲಿತವರ ಕೈಗೆ ಮೊದಲು ಬರುವ ಸಲಕರಣೆಗಳಲ್ಲಿ ಮೈಕ್ರೋಮೀಟರ್, ಡಯಲ್ ಗೇಜ್ ಸೇರಿವೆ. ಗೇಜ್ ಇಲ್ಲದ ದಿನ ಫೋರ್ಕಿಗೆ ಒಂದು ಗಟ್ಟಿ ತಂತಿ ಕಟ್ಟಿ, ಅದರ ತುದಿಯನ್ನು ಡಿಸ್ಕಿಗೆ ತಾಗಿಯೂ ತಾಗದಂತೆ ನಿಲ್ಲಿಸಿ, ಚಕ್ರ ತಿರುಗಿಸಿ, ವಾಲ್ವ್ ಹೊಂದಿಸಲು ಬಳಸುವ ಫೀಲರ್ ಗೇಜಿನ ಎಲೆಯಿಂದ ಅಂತರ ನೋಡಿದರೂ 0.3 ಮಿ.ಮೀ. ಓಲಾಟ ಅಡಗಿರಲಾರದು. ದಪ್ಪ ಅಳೆಯುವ ಮೈಕ್ರೋಮೀಟರಿಗೆ ಮಾತ್ರ ಬದಲಿಯಿಲ್ಲ. ಒಂದು ಬೀದಿಯ ನಾಲ್ಕು ಗ್ಯಾರೇಜುಗಳು ಸೇರಿ ಒಂದನ್ನು ಕೊಂಡರೂ ಅದು ಸಾಕು.

ಮಿಡಿತ ಸಣ್ಣದು, ಹಿಂದಿನ ಬ್ರೇಕಿನಿಂದ ಸುಧಾರಿಸಿಕೊಳ್ಳುತ್ತೇವೆ ಎಂಬುದು ಮೂರನೆಯ ಮಾತು. ಎಲ್ಲಕ್ಕಿಂತ ಅಪಾಯಕಾರಿ ಇದೇ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲಿ, ಒಟ್ಟು ತೂಕದ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮುಂಚಕ್ರದ ಮೇಲೆ ಬೀಳುತ್ತದೆ. ಹಿಂಚಕ್ರ ಹಗುರಾಗಿ ಜಾರತೊಡಗುತ್ತದೆ. ಗಂಟೆಗೆ 54 ಕಿ.ಮೀ. ವೇಗದಲ್ಲಿ ಎರಡೂ ಬ್ರೇಕ್ ಸರಿಯಾಗಿ ಬಳಸಿ ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 6 ಮೀಟರಿನಷ್ಟು ಇಳಿಸುತ್ತ ಬಂದರೆ ಗಾಡಿ ಸುಮಾರು 19 ಮೀಟರಿನಲ್ಲಿ ನಿಲ್ಲುತ್ತದೆ. ಹಿಂದಿನದನ್ನಷ್ಟೇ ನಂಬಿ ಅದರ ಅರ್ಧ ಹಿಡಿತ ಸಿಕ್ಕರೆ 38 ಮೀಟರ್ ಬೇಕು. ದೀಪವಿಲ್ಲದ ಟ್ರೇಲರ್ ಎದುರಾದ ರಾತ್ರಿ ಆ 19 ಮೀಟರ್ ಸಾವು ಬದುಕಿನ ಅಂತರ. ಮಿಡಿತದ ಕೇಡು ಲೋಹದ ಸವೆತದಲ್ಲಷ್ಟೇ ಇಲ್ಲ. ಸವಾರ ಮುಂದಿನ ಬ್ರೇಕ್ ಒತ್ತಲು ಹೆದರುವುದನ್ನು ಕಲಿಯುತ್ತಾನೆ, ಆ ಹೆದರಿಕೆ ಅಭ್ಯಾಸವಾಗಿ ಬಿಡುತ್ತದೆ.

ಆದ್ದರಿಂದ ಗಾಡಿ ಇರುವವರಲ್ಲಿ ಒಂದು ವಿನಂತಿ. ಮುಂದಿನ ಬ್ರೇಕ್ ಮಿಡಿದರೆ ಆ ವಾರವೇ ತೋರಿಸಿ. ಮಿಡಿತ ಯಾವಾಗ ಶುರುವಾಯಿತು, ಯಾವ ಕೆಲಸದ ನಂತರ, ಎಷ್ಟು ವೇಗದಲ್ಲಿ ಎಂದು ಸ್ಪಷ್ಟವಾಗಿ ಹೇಳಿ. ಡಿಸ್ಕ್ ಬದಲಿಸಬೇಕೆಂದರೆ ಅದರ ದಪ್ಪ ಎಷ್ಟು, ಓಲಾಟ ಎಷ್ಟು ಎಂದು ಕೇಳಿ, ಆ ಎರಡು ಅಂಕಿಗಳನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮೆಕ್ಯಾನಿಕ್ ಬಂಧುಗಳಲ್ಲೂ ಅಷ್ಟೇ ಕಳಕಳಿಯ ಕೋರಿಕೆ: ಹಬ್ಬಿನ ಮೈ ಒರೆಸದೆ ಹೊಸ ಡಿಸ್ಕ್ ಕೂರಿಸಬೇಡಿ, ಕೋನ್ ಸೆಟ್ ಮತ್ತು ಬೇರಿಂಗ್ ನೋಡದೆ ತೀರ್ಪು ಕೊಡಬೇಡಿ. ಅಳತೆ ಬರೆದುಕೊಡುವ ಗ್ಯಾರೇಜಿಗೆ ಗಿರಾಕಿ ಮತ್ತೆ ಬಂದೇ ಬರುತ್ತಾನೆ.